ಮನೆ, ಕೆಲಸ, ಶಿಫ್ಟ್‌ಗಳ ನಡುವೆ ಮ್ಯಾರಥಾನ್ ತಯಾರಿ: ಬಳ್ಳಾರಿ ಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಾಫ್ ಮ್ಯಾರಥಾನ್ 21.1 ಕಿಲೋಮೀಟರ್, ಪೂರ್ಣ ಮ್ಯಾರಥಾನ್ 42.195 ಕಿಲೋಮೀಟರ್, ದೂರದ ಸೈಕಲ್ ಸವಾರರು ಬ್ರೆವೆ ಎಂದು ಕರೆಯುವ ಸವಾರಿಯ ಮೊದಲ ಮೆಟ್ಟಿಲೇ ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್. ಇವುಗಳಲ್ಲಿ ಯಾವುದನ್ನೇ ಹಿಡಿದರೂ ನಾಲ್ಕೈದು ತಿಂಗಳ ತಯಾರಿ ಬೇಕಾಗುತ್ತದೆ, ಆ ನಾಲ್ಕೈದು ತಿಂಗಳಲ್ಲಿ ಕೆಲಸ ನಿಲ್ಲುವುದಿಲ್ಲ, ಮಕ್ಕಳ ಪರೀಕ್ಷೆ ಮುಂದಕ್ಕೆ ಹೋಗುವುದಿಲ್ಲ, ಬಂಧುಬಳಗದ ಮದುವೆ ಮುಂಜಿಗಳು ತಪ್ಪುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ತರಬೇತಿ ಪಟ್ಟಿಗಳಲ್ಲಿ ಹೆಚ್ಚಿನವು ತಂಪು ಹವೆಯ ದೇಶಗಳಲ್ಲಿ, ವಾರಕ್ಕೆ ಎರಡು ದಿನ ರಜೆ ಇರುವವರಿಗಾಗಿ ಬರೆದಂಥವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಶಿಫ್ಟ್ ಮಾಡುವವರಿಗೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದಿನವಿಡೀ ಕೂತು ದುಡಿಯುವವರಿಗೆ, ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆಯುವವರಿಗೆ ಅವು ಇದ್ದ ಹಾಗೆಯೇ ಒಗ್ಗುವುದಿಲ್ಲ. ನನ್ನ ಖಚಿತ ಅಭಿಪ್ರಾಯವಿಷ್ಟು: ಪಟ್ಟಿಯನ್ನು ಮೊದಲು ಹಿಡಿದು ಬದುಕನ್ನು ಅದಕ್ಕೆ ಹೊಂದಿಸಲು ಹೊರಟವರು ಎರಡು ತಿಂಗಳಿಗೇ ಕೈಬಿಡುತ್ತಾರೆ, ಮನೆಯ ವಾರ ಹೇಗೆ ನಡೆಯುತ್ತದೆಂದು ಮೊದಲು ಬರೆದುಕೊಂಡು, ಅದರೊಳಗೆ ಓಟಕ್ಕೆ ಜಾಗ ಹುಡುಕಿದವರು ವರ್ಷಗಟ್ಟಲೆ ಓಡುತ್ತಾರೆ. ಮುಂದಿನ ಹೆಜ್ಜೆಗಳೆಲ್ಲ ಈ ಕ್ರಮದಲ್ಲೇ ಇವೆ.

ಮೊದಲ ಹೆಜ್ಜೆ: ಗುರಿಗಿಂತ ಮುಂಚೆ ಗಂಟೆಗಳ ಲೆಕ್ಕ

ವಾರಕ್ಕೆ 168 ಗಂಟೆ. ಒಂದು ಹಾಳೆ ತೆಗೆದುಕೊಂಡು, ಬಳ್ಳಾರಿಯಲ್ಲಿ ಮನೆ ಮಾಡಿ ತೋರಣಗಲ್ಲಿಗೆ ಕೆಲಸಕ್ಕೆ ಹೋಗುವ ಒಬ್ಬ ಗೃಹಸ್ಥರ ಲೆಕ್ಕ ಹಾಕೋಣ. ದಿನಕ್ಕೆ ಏಳೂವರೆ ಗಂಟೆ ನಿದ್ರೆಯೆಂದರೆ 52.5 ಗಂಟೆ. ಆರು ದಿನ ಎಂಟು ಗಂಟೆಯ ಕೆಲಸ 48. ಬಸ್ಸಿಗೆ ಕಾಯುವುದು, ಹೋಗಿ ಬರುವುದು ದಿನಕ್ಕೆ ಎರಡು ಗಂಟೆಯಂತೆ 12. ಸ್ನಾನ, ಊಟ, ತಿಂಡಿ ಇತ್ಯಾದಿಗೆ ದಿನಕ್ಕೆ ಮೂರರಂತೆ 21. ಮಕ್ಕಳ ಓದು, ಸಂತೆ, ಹಿರಿಯರ ಆಸ್ಪತ್ರೆ, ಮನೆಗೆಲಸಕ್ಕೆ ದಿನಕ್ಕೆ ಎರಡೂವರೆಯಂತೆ 17.5. ಎಲ್ಲ ಕೂಡಿದರೆ 151 ಆಯಿತು, ಉಳಿದದ್ದು 17 ಗಂಟೆ. ಸುಮ್ಮನೆ ಕೂರುವುದು, ಗೆಳೆಯರೊಂದಿಗೆ ಮಾತು, ಮೊಬೈಲ್, ಹೇಳದೆ ಬರುವ ಕೆಲಸಗಳು ಎಲ್ಲವೂ ಈ 17ರೊಳಗೇ ಆಗಬೇಕು. ಆದ್ದರಿಂದ ಇದರಲ್ಲಿ ಮೂರನೇ ಒಂದು ಭಾಗಕ್ಕಿಂತ, ಅಂದರೆ ಐದೂವರೆ ಗಂಟೆಗಿಂತ ಹೆಚ್ಚನ್ನು ತರಬೇತಿಗೆ ಎತ್ತಿಡಬಾರದು. ಬೂಟು ಕಟ್ಟುವುದರಿಂದ ಹಿಡಿದು ಬೆವರು ಆರಿಸಿಕೊಳ್ಳುವವರೆಗಿನ ಹೊತ್ತೂ ಅದರಲ್ಲೇ ಸೇರಿದೆ.

ಐದೂವರೆ ಗಂಟೆ ಹಾಫ್ ಮ್ಯಾರಥಾನಿಗೆ ಧಾರಾಳವಾಗಿ ಸಾಕು. ಪೂರ್ಣ ಮ್ಯಾರಥಾನಿಗೆ ಆರರಿಂದ ಎಂಟು ಗಂಟೆ ಬೇಕು. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ ಸೇರಿದ ಟ್ರಯಥ್ಲಾನಿಗೆ ಎಂಟರಿಂದ ಹತ್ತು ಗಂಟೆ, ಜೊತೆಗೆ ಈಜುಕೊಳಕ್ಕೆ ಹೋಗಿ ಬರುವ ಹೊತ್ತು. ನಿಮ್ಮ ಹಾಳೆಯಲ್ಲಿ ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕ ಗುರಿಯನ್ನು ಆರಿಸಿಕೊಳ್ಳಿ. ಮೊದಲ ವರ್ಷವೇ 42 ಕಿಲೋಮೀಟರಿಗೆ ಹೆಸರು ಕೊಡುವುದನ್ನು ನಾನು ಒಪ್ಪುವುದಿಲ್ಲ. ದೇಹ ತಡೆದುಕೊಂಡರೂ ಮನೆ ತಡೆದುಕೊಳ್ಳುವುದು ಕಷ್ಟ.

ವಯಸ್ಸು ನಲವತ್ತು ದಾಟಿದ್ದರೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಶುರು ಮಾಡುವ ಮುನ್ನ ವೈದ್ಯರನ್ನು ಕಾಣುವುದು ಕಡ್ಡಾಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ದೀರ್ಘ ಓಟದಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ವೈದ್ಯರೇ ನಿಶ್ಚಯಿಸಬೇಕು.

ಎರಡನೆಯ ಹೆಜ್ಜೆ: ಹಂಗಾಮು ನೋಡಿ ದಿನಾಂಕ ಗೊತ್ತು ಮಾಡುವುದು

ಬಳ್ಳಾರಿ, ರಾಯಚೂರುಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವುದು ಸಾಮಾನ್ಯ. ತರಬೇತಿಯ ಅತಿ ಭಾರದ ವಾರಗಳು ಈ ತಿಂಗಳುಗಳಲ್ಲಿ ಬೀಳದಂಥ ಸ್ಪರ್ಧೆಯನ್ನು ಆರಿಸಿಕೊಳ್ಳುವುದೇ ಅರ್ಧ ಜಾಣತನ. ಆಗಸ್ಟ್ ಕೊನೆಯಲ್ಲಿ ನಡೆಯುವ ಹೈದರಾಬಾದ್ ಮ್ಯಾರಥಾನ್ ರಾಯಚೂರಿನವರಿಗೆ ಪ್ರಯಾಣದ ದೃಷ್ಟಿಯಿಂದ ಹತ್ತಿರ. ಆದರೆ ಅದರ ಪೂರ್ಣ ದೂರಕ್ಕೆ ಹೆಸರು ಕೊಟ್ಟರೆ ಮೇ ತಿಂಗಳಲ್ಲೇ ತಯಾರಿ ಬಿರುಸಾಗಬೇಕಾಗುತ್ತದೆ. ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್ ನಮ್ಮ ಹವೆಗೆ ಚೆನ್ನಾಗಿ ಹೊಂದುತ್ತದೆ. ಅದರಿಂದ ಇಪ್ಪತ್ತು ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಆರಂಭ ಬರುತ್ತದೆ. ಗಣೇಶ ಚತುರ್ಥಿ, ದಸರಾ, ದೀಪಾವಳಿಗಳು ಓಟ ಇನ್ನೂ ಚಿಕ್ಕದಾಗಿರುವ ವಾರಗಳಲ್ಲಿ ಕಳೆದುಹೋಗುತ್ತವೆ, ಉದ್ದದ ಓಟಗಳು ನವೆಂಬರ್ ಮತ್ತು ಡಿಸೆಂಬರಿನ ಚಳಿಯಲ್ಲಿ ಬರುತ್ತವೆ, ಸಂಕ್ರಾಂತಿಯ ಹೊತ್ತಿಗೆ ತರಬೇತಿಯನ್ನು ಇಳಿಸುವ ವಾರಗಳು ಬಂದಿರುತ್ತವೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯೂ ಬಹುಮಟ್ಟಿಗೆ ಜನವರಿಯಲ್ಲೇ ಬರುವುದರಿಂದ ಅಲ್ಲಿನವರು ತೇರಿನ ದಿನವನ್ನು ಮೊದಲೇ ಪಟ್ಟಿಯಲ್ಲಿ ಖಾಲಿ ಬಿಡಬೇಕು.

ಹಬ್ಬ, ಜಾತ್ರೆ, ಮೊಹರಂ, ಉಪವಾಸದ ದಿನಗಳನ್ನು ಕ್ಯಾಲೆಂಡರಿನಲ್ಲಿ ಓಟಕ್ಕಿಂತ ಮುಂಚೆ ಗುರುತು ಹಾಕಿಕೊಳ್ಳಿ. ರಂಜಾನ್ ಉಪವಾಸ ಹಿಡಿಯುವವರು ಆ ತಿಂಗಳು ವೇಗದ ಅಭ್ಯಾಸಗಳನ್ನು ಬಿಟ್ಟು, ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರ ಹಗುರವಾಗಿ ಓಡಿದರೆ ಗಳಿಸಿದ ಕಸುವು ಉಳಿಯುತ್ತದೆ. ಭತ್ತ ಬೆಳೆಯುವವರು ನವೆಂಬರ್ ಮತ್ತು ಡಿಸೆಂಬರಿನ ಕೊಯ್ಲಿಗೆ ಮೂರು ವಾರವನ್ನು ಪೂರ್ತಿ ಖಾಲಿ ಬಿಡುವುದು ಒಳ್ಳೆಯದು. ಗದ್ದೆಯಲ್ಲಿ ದಿನವಿಡೀ ದುಡಿದ ದೇಹಕ್ಕೆ ಅದೇ ತರಬೇತಿ. ಅದರ ಮೇಲೆ ಓಟದ ಭಾರ ಹೇರಬಾರದು.

ಮೂರನೆಯ ಹೆಜ್ಜೆ: ಮನೆಯವರೊಂದಿಗೆ ಕೂತು ಮಾತಾಡುವುದು

"ನೀವು ಓಡೋದಕ್ಕ ನಂದೇನೂ ತಕರಾರಿಲ್ರೀ, ಓಡಿ ಬಂದು ಭಾನುವಾರ ಮಧ್ಯಾಹ್ನ ಪೂರ್ತಿ ಮಲ್ಕೊಂತೀರಲ್ಲ, ಅದಕ್ಕ ಸಿಟ್ಟು." ಈ ಮಾತು ಓಟಗಾರರ ಮನೆಗಳಲ್ಲಿ ಹೊಸದಲ್ಲ, ಅದರಲ್ಲಿ ನ್ಯಾಯವೂ ಇದೆ. ವಾರದ ನಡುವಿನ ಮುಕ್ಕಾಲು ಗಂಟೆಯ ಓಟ ಯಾರಿಗೂ ತೊಂದರೆ ಕೊಡುವುದಿಲ್ಲ. ಜಗಳಕ್ಕೆ ಕಾರಣವಾಗುವುದು ವಾರಕ್ಕೊಮ್ಮೆ ಬರುವ ಉದ್ದದ ಓಟ, ಅದರ ನಂತರದ ಸುಸ್ತು, ಮತ್ತು ಹೇಳದೆ ಕೇಳದೆ ಹೋಗುವ ಅಭ್ಯಾಸ. ಆದ್ದರಿಂದ ಮಾತುಕತೆ ಉದ್ದದ ಓಟದ ಬಗ್ಗೆ ಇರಲಿ: ಯಾವ ದಿನ, ಎಷ್ಟು ಹೊತ್ತಿಗೆ ಹೊರಡುವುದು, ಎಷ್ಟು ಹೊತ್ತಿಗೆ ಮನೆಗೆ ಬರುವುದು, ಬಂದ ಮೇಲೆ ಯಾವ ಕೆಲಸ ನನ್ನದು, ಇಂಥ ಓಟಗಳು ಎಷ್ಟು ವಾರ ಇರುತ್ತವೆ. ಕೊನೆಯ ದಿನಾಂಕ ಗೊತ್ತಿರುವ ಕಷ್ಟವನ್ನು ಮನೆಯವರು ಸಹಿಸಿಕೊಳ್ಳುತ್ತಾರೆ.

ನಮ್ಮ ಊರುಗಳ ಅನೇಕ ಬಡಾವಣೆಗಳಲ್ಲಿ ನಲ್ಲಿ ನೀರು ಬರುವುದು ಹಲವು ದಿನಕ್ಕೊಮ್ಮೆ, ಅದೂ ಎಷ್ಟೋ ಸಲ ನಸುಕಿನಲ್ಲಿ. ಆ ದಿನ ಡ್ರಮ್ಮು, ಕೊಡ, ಮೇಲಿನ ಟ್ಯಾಂಕು ತುಂಬುವ ಕೆಲಸವನ್ನು ಹೆಂಡತಿಗೋ ತಾಯಿಗೋ ಬಿಟ್ಟು ಬೂಟು ಹಾಕಿಕೊಂಡು ಹೊರಟರೆ, ಉಳಿದ ಎಲ್ಲ ಒಪ್ಪಂದಗಳೂ ಆ ಒಂದು ಬೆಳಗಿನಲ್ಲೇ ಮುರಿಯುತ್ತವೆ. ನೀರು ಬರುವ ದಿನ ಓಟ ಸಂಜೆಗೆ ಹೋಗಲಿ, ಇಲ್ಲವೇ ಬಿಟ್ಟುಹೋಗಲಿ. ಬೆವರಿನ ಬಟ್ಟೆಯನ್ನು ತಾನೇ ಹಿಂಡಿ ಒಣಹಾಕುವುದು, ನಸುಕಿನಲ್ಲಿ ಬೇಕಾಗುವ ಬಟ್ಟೆ, ಬೂಟು, ಕೀಲಿಗಳನ್ನು ಹಿಂದಿನ ರಾತ್ರಿಯೇ ಹೊರಕೋಣೆಯಲ್ಲಿ ಇಟ್ಟುಕೊಂಡು ಯಾರ ನಿದ್ದೆಯನ್ನೂ ಕೆಡಿಸದೆ ಹೊರಡುವುದು, ಓಟಕ್ಕಾಗಿ ಬೇರೆ ಅಡುಗೆ ಮಾಡಿಸದಿರುವುದು ಸಣ್ಣ ಸಂಗತಿಗಳಂತೆ ಕಂಡರೂ ನಾಲ್ಕು ತಿಂಗಳು ಮನೆಯ ಸಮಾಧಾನ ಉಳಿಯುವುದು ಇವುಗಳಿಂದಲೇ.

ಓಡುವವರು ಮನೆಯ ಹೆಣ್ಣುಮಗಳಾಗಿದ್ದರೆ ಇದೇ ಮಾತುಕತೆ ಇನ್ನೂ ಗಟ್ಟಿಯಾಗಿ ನಡೆಯಬೇಕು. ಎಷ್ಟೋ ಮನೆಗಳಲ್ಲಿ ಗಂಡಸಿನ ಓಟದ ಹೊತ್ತನ್ನು ಯಾರೂ ಪ್ರಶ್ನಿಸುವುದಿಲ್ಲ, ಹೆಂಗಸು ಮಾತ್ರ ನಾಲ್ಕಕ್ಕೆ ಎದ್ದು ತಿಂಡಿ, ಡಬ್ಬಿ ಎಲ್ಲ ಮುಗಿಸಿಯೇ ಓಡಲು ಹೋಗಬೇಕು. ಹಾಗೆ ನಿದ್ರೆ ಕಡಿದು ಮಾಡುವ ತರಬೇತಿ ಬಹುಕಾಲ ನಡೆಯುವುದಿಲ್ಲ. ವಾರಕ್ಕೆ ನಾಲ್ಕು ಬೆಳಗು ಒಲೆಯ ಮುಂದೆ ಬೇರೆಯವರು ನಿಲ್ಲಬೇಕೆಂಬುದನ್ನು ಮೊದಲ ದಿನವೇ ಗೊತ್ತು ಮಾಡಿಕೊಳ್ಳಬೇಕು. ನಸುಕಿನಲ್ಲಿ ಒಂಟಿಯಾಗಿ ಹೊರಡಲು ಮನಸ್ಸು ಒಪ್ಪದವರು ಜಿಲ್ಲಾ ಕ್ರೀಡಾಂಗಣದಂಥ ಜನ ಓಡಾಡುವ ಜಾಗಗಳನ್ನೋ ಒಬ್ಬ ಗೆಳತಿಯ ಜೊತೆಯನ್ನೋ ಹುಡುಕಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ವಾರದ ಚೌಕಟ್ಟು

ಸಾಮಾನ್ಯ ಹಗಲು ಕೆಲಸದವರಿಗೆ ಹಾಫ್ ಮ್ಯಾರಥಾನಿನ ಒಂದು ನಡುವಿನ ವಾರ ಹೀಗಿರಬಹುದು.

ಸೋಮವಾರ: ವಿಶ್ರಾಂತಿ.
ಮಂಗಳವಾರ: 40 ನಿಮಿಷ ಸುಲಭ ಓಟ.
ಬುಧವಾರ: ಮನೆಯಲ್ಲೇ 20 ನಿಮಿಷ ಕಸರತ್ತು.
ಗುರುವಾರ: 10 ನಿಮಿಷ ನಿಧಾನ ಓಟ, ಆಮೇಲೆ 3 ನಿಮಿಷ ಜೋರು ಮತ್ತು 2 ನಿಮಿಷ ನಿಧಾನದಂತೆ ಐದು ಸಲ, ಕೊನೆಗೆ 10 ನಿಮಿಷ ನಿಧಾನ.
ಶುಕ್ರವಾರ: ವಿಶ್ರಾಂತಿ.
ಶನಿವಾರ: 35 ನಿಮಿಷ ಸುಲಭ ಓಟ, 20 ನಿಮಿಷ ಕಸರತ್ತು.
ಭಾನುವಾರ: 90 ನಿಮಿಷ ಉದ್ದದ ಓಟ.

ಇದೆಲ್ಲ ಸೇರಿ ನಾಲ್ಕು ಗಂಟೆ ಹತ್ತು ನಿಮಿಷ. ಸುಲಭ ಓಟವೆಂದರೆ ಪಕ್ಕದಲ್ಲಿ ಓಡುವವರ ಜೊತೆ ಉಸಿರು ಕಟ್ಟದೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನದ ಓಟ. ಎರಡೇ ಪದಕ್ಕೆ ಏದುಸಿರು ಬಂದರೆ ಅದು ಸುಲಭವಲ್ಲ. ನಾರ್ವೆಯಲ್ಲಿ ನೆಲೆಸಿ ಸಂಶೋಧನೆ ನಡೆಸಿದ ಸ್ಟೀಫನ್ ಸೈಲರ್ ಅವರು ವಿಶ್ವಮಟ್ಟದ ದೂರದ ಕ್ರೀಡಾಪಟುಗಳ ಅಭ್ಯಾಸವನ್ನು ಪರಿಶೀಲಿಸಿದಾಗ, ಅವರ ಅಭ್ಯಾಸದ ಸುಮಾರು 80 ಪ್ರತಿಶತ ಕಡಿಮೆ ತೀವ್ರತೆಯದ್ದಾಗಿರುವುದು ಕಂಡುಬಂದಿತ್ತು. ಹೊತ್ತು ಕಡಿಮೆಯಿದೆ ಎಂದು ಪ್ರತಿ ಓಟವನ್ನೂ ಜೋರಾಗಿ ಓಡುವ ಪ್ರವೃತ್ತಿ ದುಡಿಯುವ ಜನರಲ್ಲಿ ಹೆಚ್ಚು; ಮೊಣಕಾಲು, ಮೀನಖಂಡಗಳ ನೋವಿಗೂ ಆಫೀಸಿನಲ್ಲಿ ಮಧ್ಯಾಹ್ನದ ತೂಕಡಿಕೆಗೂ ಇದೇ ಮೂಲ. ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ಅವರಂಥವರು ಅಭ್ಯಾಸ ಮಾಡಿದ್ದಾರೆ. ಅಂಥ ಕಡೆ ನಿದ್ರೆ, ಊಟ, ಫಿಸಿಯೋಥೆರಪಿ ಎಲ್ಲವೂ ಕ್ರೀಡಾಪಟುವಿನ ದಿನಚರಿಯ ಭಾಗಗಳೇ. ಅಭ್ಯಾಸ ಮುಗಿಸಿ ಎಂಟು ಗಂಟೆ ನಿಂತು ದುಡಿಯುವವರು ಅವರ ಗಂಟೆಗಳನ್ನು ಅನುಕರಿಸಲು ಹೋಗಬಾರದು.

ಕಸರತ್ತಿಗೆ ಜಿಮ್ ಬೇಕಿಲ್ಲ. ಗರಡಿಮನೆಯಲ್ಲಿ ಹೊಡೆಯುವ ಬಸ್ಕಿ, ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೆಟ್ಟಿಲು ಹತ್ತಿ ಇಳಿಯುವುದು, ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೆಟ್ಟಗೆ ಹಿಡಿದಿರುವ ಪ್ಲ್ಯಾಂಕ್ ಇಷ್ಟಾದರೆ ಸಾಕು. ಹೊಲಿಗೆ ಯಂತ್ರದ ಮುಂದೆಯೋ ಕಂಪ್ಯೂಟರಿನ ಮುಂದೆಯೋ ದಿನವಿಡೀ ಕೂರುವವರಿಗೆ ಸೊಂಟದ ಮುಂಭಾಗದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಅಂಥವರು ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆದಾಡುವುದು ವಾರಕ್ಕೆ ಇನ್ನೊಂದು ಓಟ ಸೇರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮೂರು ವಾರ ಸ್ವಲ್ಪ ಸ್ವಲ್ಪವೇ ಏರಿಸಿ, ನಾಲ್ಕನೆಯ ವಾರ ಮೂರನೇ ಒಂದು ಭಾಗ ಇಳಿಸಿ. ವಾರ ಹದಗೆಟ್ಟಾಗ ಮೊದಲು ಶನಿವಾರದ ಓಟವನ್ನು ಬಿಡಿ, ಆಮೇಲೆ ಗುರುವಾರದ್ದನ್ನು ಸುಲಭ ಓಟವಾಗಿ ಮಾಡಿಕೊಳ್ಳಿ. ಉದ್ದದ ಓಟವನ್ನು ಚಿಕ್ಕದಾಗಿಸಿದರೂ ಕೊನೆಯವರೆಗೆ ಉಳಿಸಿಕೊಳ್ಳಿ. ಊರೊಳಗೇ ಕೆಲಸ ಇರುವವರು ಬೈಕಿನ ಬದಲು ಸೈಕಲ್ಲಿನಲ್ಲಿ ಹೋಗಿ ಬಂದರೆ ಮನೆಯ ಹೊತ್ತನ್ನು ಒಂದಿಷ್ಟೂ ಮುಟ್ಟದೆ ವಾರಕ್ಕೆ ಮೂರು ಗಂಟೆಯ ಹಗುರ ಅಭ್ಯಾಸ ದಕ್ಕುತ್ತದೆ. ಇದಕ್ಕಿಂತ ಅಗ್ಗದ ಗಳಿಕೆ ಬೇರೊಂದಿಲ್ಲ.

ಐದನೆಯ ಹೆಜ್ಜೆ: ಶಿಫ್ಟ್ ಇರುವವರ ಲೆಕ್ಕವೇ ಬೇರೆ

ಶಿಫ್ಟ್ ಬದಲಾಗುತ್ತಿರುವವರಿಗೆ ಭಾನುವಾರವೆಂಬುದು ಹೆಸರಿಗೆ ಮಾತ್ರ. ಅವರು ವಾರವನ್ನು ಬಿಟ್ಟು ಶಿಫ್ಟಿನ ಸುತ್ತನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಿಗ್ಗೆ ಆರು ಎಂಬ ಮೂರು ಶಿಫ್ಟ್‌ಗಳು ವಾರಕ್ಕೊಂದರಂತೆ ಬದಲಾಗುತ್ತವೆ ಎಂದುಕೊಳ್ಳಿ. ಎರಡನೆಯ ಶಿಫ್ಟಿನ ವಾರ ಓಟಗಾರರಿಗೆ ಹಬ್ಬ: ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು, ಬೇಗ ಮಲಗಿ, ಏಳಕ್ಕೆ ಎದ್ದರೂ ಮುಂದೆ ಅರ್ಧ ದಿನ ಕೈಯಲ್ಲಿರುತ್ತದೆ. ಉದ್ದದ ಓಟ, ವೇಗದ ಅಭ್ಯಾಸ ಎರಡನ್ನೂ ಈ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ಶಿಫ್ಟಿನ ವಾರ ನಸುಕಿನ ನಾಲ್ಕಕ್ಕೇ ಏಳಬೇಕಾಗುವುದರಿಂದ ಕೆಲಸಕ್ಕೆ ಮುಂಚೆ ಓಡುವ ಆಸೆ ಬಿಟ್ಟುಬಿಡಿ. ಮಧ್ಯಾಹ್ನ ಬಂದು ಅರ್ಧ ಗಂಟೆ ಮಲಗಿ, ಬಿಸಿಲು ಇಳಿದ ಮೇಲೆ ಮುಕ್ಕಾಲು ಗಂಟೆ ಓಡಿ. ರಾತ್ರಿ ಶಿಫ್ಟಿನ ವಾರವನ್ನು ಭಾರ ಇಳಿಸುವ ವಾರವೆಂದೇ ತಿಳಿಯಿರಿ. ಬೆಳಿಗ್ಗೆ ಬಂದ ಕೂಡಲೇ ಹಗುರವಾಗಿ ತಿಂದು, ಕಿಟಕಿಗೆ ದಪ್ಪ ಪರದೆ ಎಳೆದು ಮಲಗುವುದೇ ಆ ವಾರದ ಮುಖ್ಯ ಅಭ್ಯಾಸ. ಸಂಜೆ ಆರಕ್ಕೆ ಮೂವತ್ತು ನಿಮಿಷದ ಸುಲಭ ಓಟ ಎರಡು ಮೂರು ದಿನ ಸಾಕು. ರಾತ್ರಿಯೆಲ್ಲ ದುಡಿದು ನೇರವಾಗಿ ಸೈಕಲ್ ಹತ್ತಿ ಹೆದ್ದಾರಿಗೆ ಇಳಿಯುವುದು ಕೂಡದು. ಅದಿರು ಲಾರಿಗಳ ರಸ್ತೆಯಲ್ಲಿ ಒಂದು ಕ್ಷಣ ರೆಪ್ಪೆ ಮುಚ್ಚಿದರೂ ಪ್ರಾಣಕ್ಕೆ ಬರುತ್ತದೆ.

ಹೀಗೆ ನೋಡಿದರೆ, ಏರಿಸಿ ಇಳಿಸುವ ಕ್ರಮ ಪುಸ್ತಕದ ನಾಲ್ಕು ವಾರದ ಬದಲು ಮೂರು ವಾರಕ್ಕೆ ತಾನಾಗಿಯೇ ಕೂಡಿಬರುತ್ತದೆ. ಶಿಫ್ಟ್ ಮಾಡುವವರಿಗೆ ದೂರದ ಓಟ ಆಗದ ಮಾತು ಎನ್ನುವವರ ಅಭಿಪ್ರಾಯವನ್ನು ನಾನು ಒಪ್ಪದಿರುವುದು ಇದಕ್ಕೇ.

ಆರನೆಯ ಹೆಜ್ಜೆ: ಬಿಸಿಲನ್ನು ಅರಿತು ನಡೆಯುವುದು

ಈ ಭಾಗದ ಓಟಗಾರರು ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಮೇ ತಿಂಗಳಲ್ಲಿ ಸೂರ್ಯ ಆರು ಗಂಟೆಗೆ ಮುಂಚೆಯೇ ಹುಟ್ಟುತ್ತಾನೆ, ಏಳಕ್ಕೆಲ್ಲ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ಓಟ ಐದಕ್ಕೆ ಶುರುವಾಗಿ ಆರಕ್ಕೆ ಮುಗಿಯಬೇಕು. ಸಂಜೆ ಸೂರ್ಯ ಮುಳುಗಿದರೂ ಡಾಂಬರು ರಸ್ತೆ, ಬಂಡೆಗುಡ್ಡಗಳು ಕಾವು ಬಿಡುತ್ತಲೇ ಇರುವುದರಿಂದ ಬೇಸಿಗೆಯ ಸಂಜೆಗಿಂತ ಬೆಳಗೇ ಮೇಲು. ಜನವರಿಯಲ್ಲಿ ಸೂರ್ಯೋದಯ ಆರೂಮುಕ್ಕಾಲರ ಹತ್ತಿರ, ಆಗ ಅಷ್ಟು ಬೇಗ ಏಳುವ ಅಗತ್ಯವಿಲ್ಲ.

ಸೆಖೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಬೆವರು ಬೇಗ ಬರತೊಡಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ, ಅದೇ ವೇಗಕ್ಕೆ ಹೃದಯದ ಬಡಿತ ಇಳಿಯುತ್ತದೆ. ಮಾರ್ಚ್ ಮೊದಲ ಎರಡು ವಾರ ಹೊತ್ತನ್ನೂ ವೇಗವನ್ನೂ ಕಡಿಮೆ ಮಾಡಿ, ಉಸಿರಾಟದ ಲೆಕ್ಕದಲ್ಲಿ ಮಾತ್ರ ಓಡಿ; ವಾಚು ತೋರಿಸುವ ಕಿಲೋಮೀಟರ್ ವೇಗ ಕುಸಿದರೆ ಕಸುವು ಹೋಯಿತೆಂದು ಹೆದರಬೇಕಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳನ್ನು ಕಸರತ್ತಿಗೂ ಚಿಕ್ಕ ಓಟಗಳಿಗೂ ಮೀಸಲಿಡಿ. ಮದುವೆಗಳು ಸಾಲುಗಟ್ಟುವುದೂ ಮಕ್ಕಳಿಗೆ ರಜೆ ಬರುವುದೂ ಆಗಲೇ ಆದ್ದರಿಂದ ಮನೆಗೂ ಇದು ಅನುಕೂಲ.

ನಿಮ್ಮ ಬೆವರಿನ ಪ್ರಮಾಣವನ್ನು ಒಮ್ಮೆ ಅಳೆದುಕೊಳ್ಳಿ. ಓಟಕ್ಕೆ ಮುಂಚೆ ಮೂತ್ರ ಮುಗಿಸಿ, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ ಬಂದು ಮೈ ಒರೆಸಿಕೊಂಡು ಮತ್ತೆ ನೋಡಿ. 68.4 ಕಿಲೋ ಇದ್ದದ್ದು 67.4 ಆಗಿದ್ದು, ನಡುವೆ 300 ಮಿಲಿಲೀಟರ್ ನೀರು ಕುಡಿದಿದ್ದರೆ, ಆ ಗಂಟೆಯಲ್ಲಿ ಹೋದ ಬೆವರು 1.3 ಲೀಟರ್. ಅದೆಲ್ಲವನ್ನೂ ಓಡುತ್ತಲೇ ತುಂಬಿಕೊಳ್ಳಬೇಕೆಂದಿಲ್ಲ. ದೇಹದ ತೂಕದ ಎರಡು ಪ್ರತಿಶತದವರೆಗಿನ ಇಳಿಕೆಯನ್ನು ಆರೋಗ್ಯವಂತರು ಸಾಮಾನ್ಯವಾಗಿ ತಡೆದುಕೊಳ್ಳುತ್ತಾರೆ. ಓಟದ ನಂತರ ತೂಕ ಹೆಚ್ಚಾಗಿದ್ದರೆ ಮಾತ್ರ ಎಚ್ಚರ ವಹಿಸಬೇಕು. ಬರಿಯ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಿ ಪ್ರಾಣಾಪಾಯವೂ ಆಗಬಹುದು. ಒಂದೂವರೆ ಗಂಟೆ ಮೀರಿದ ಓಟಕ್ಕೆ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ, ಸಾಮಾನ್ಯವಾಗಿ ಒಂದು ಲೀಟರಿನಲ್ಲಿ, ಕಲಸಿ ಒಯ್ಯಿರಿ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಬೇಕಿಲ್ಲ. ನೋವಿನ ಮಾತ್ರೆ ನುಂಗಿ ದೂರ ಓಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ.

ಜೊತೆಗೆ ಓಡುವವರು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಸಿಟ್ಟಿಗೆದ್ದು ವಿಚಿತ್ರವಾಗಿ ವರ್ತಿಸಿದರೆ ಅದು ಶಾಖಾಘಾತ ಇರಬಹುದು. ಬೆವರು ಹರಿಯುತ್ತಿದೆ, ಆದ್ದರಿಂದ ಏನೂ ಆಗಿಲ್ಲ ಎಂದು ತಿಳಿಯಬೇಡಿ. ಓಡುತ್ತಿರುವವರಿಗೆ ಶಾಖಾಘಾತವಾದಾಗ ಬೆವರು ನಿಲ್ಲಲೇಬೇಕೆಂದಿಲ್ಲ. ತಕ್ಷಣ ನೆರಳಿಗೆ ಒಯ್ದು, ಕೈಗೆ ಸಿಕ್ಕ ತಣ್ಣೀರನ್ನು ಮೈತುಂಬ ಸುರಿಯುತ್ತಾ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ತೊಟ್ಟಿಯಿದ್ದರೆ ತಲೆ ಮೇಲಿಟ್ಟು ಹಿಡಿದುಕೊಂಡು ಕುತ್ತಿಗೆಯವರೆಗೆ ಮುಳುಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಏಳನೆಯ ಹೆಜ್ಜೆ: ಮನೆಯ ಊಟದಲ್ಲೇ ಓಟದ ಆಹಾರ

ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು ಇರುವ ಊಟ ದೂರದ ಓಟಗಾರರಿಗೆ ಹೇಳಿ ಮಾಡಿಸಿದಂಥದ್ದು. ದೂರದ ಕ್ರೀಡೆಯಲ್ಲಿ ತೊಡಗಿದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಇರುವವರಿಗೆ ಸುಮಾರು 80ರಿಂದ 100 ಗ್ರಾಂ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುವುದರಿಂದ ಡಬ್ಬಿಯ ಪೌಡರ್ ಇಲ್ಲದೆಯೂ ಲೆಕ್ಕ ಕೂಡುತ್ತದೆ. ಸಾಮಾನ್ಯವಾಗಿ ಎಡವುವುದು ಬೆಳಗಿನ ತಿಂಡಿಯಲ್ಲಿ: ಓಡಿ ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರೆ ನಾಲಿಗೆಗೆ ಹಿತವೆನಿಸುತ್ತದೆ, ಪ್ರೋಟೀನ್ ಮಾತ್ರ ಹೆಚ್ಚು ಸಿಗುವುದಿಲ್ಲ. ಒಗ್ಗರಣೆಯನ್ನು ಬಿಡಬೇಕಿಲ್ಲ, ಮಿರ್ಚಿಯ ಜಾಗದಲ್ಲಿ ಎರಡು ಮೊಟ್ಟೆಯೋ ಮೊಳಕೆಕಾಳೋ ಬರಲಿ.

ಉದ್ದದ ಓಟದ ಹಿಂದಿನ ರಾತ್ರಿ ಮಾತ್ರ ರೊಟ್ಟಿ, ಕಾಳು, ಸೊಪ್ಪುಗಳನ್ನು ಕಡಿಮೆ ಮಾಡಿ ಅನ್ನ, ತಿಳಿಸಾರು, ಮೊಸರು ತಿನ್ನುವುದು ಒಳ್ಳೆಯದು. ನಾರು ಹೆಚ್ಚಾದರೆ ಹತ್ತನೆಯ ಕಿಲೋಮೀಟರಿನಲ್ಲಿ ಹೊಟ್ಟೆ ತೊಂದರೆ ಕೊಡುತ್ತದೆ. ಒಂದೂವರೆ ಗಂಟೆಗಿಂತ ಹೆಚ್ಚು ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಿಂದ ಸುಮಾರು 25 ಗ್ರಾಂ, ಅಡಿಕೆಯಷ್ಟು ಗಾತ್ರದ ಎರಡು ತುಂಡು ಬೆಲ್ಲದಿಂದ ಸುಮಾರು 20 ಗ್ರಾಂ ದೊರೆಯುತ್ತದೆ. ಓಡುತ್ತಲೇ ಹೀರುವ ಸಕ್ಕರೆ ಪಾಕದಂಥ ದುಬಾರಿ ಜೆಲ್ ಬೇಕೆನಿಸಿದರೆ ಬಳಸಿ, ಆದರೆ ಸ್ಪರ್ಧೆಯ ದಿನ ತಿನ್ನುವುದು ಏನೇ ಆದರೂ ಅದನ್ನು ಅಭ್ಯಾಸದಲ್ಲಿ ನಾಲ್ಕು ಸಲವಾದರೂ ತಿಂದು ನೋಡಿರಬೇಕು.

ಎಂಟನೆಯ ಹೆಜ್ಜೆ: ನಿದ್ರೆ

ಐದಕ್ಕೆ ಎದ್ದು ಓಡಬೇಕೆನ್ನುವವರು ಒಂಬತ್ತೂವರೆಗೆ ಮಲಗಬೇಕು, ಅದಕ್ಕೆ ಎಂಟಕ್ಕೆ ಊಟ ಮುಗಿಯಬೇಕು. ಇದು ಇಡೀ ಮನೆಯ ಊಟದ ಹೊತ್ತನ್ನು ಬದಲಿಸುವ ವಿಷಯವಾದ್ದರಿಂದ ಮೂರನೆಯ ಹೆಜ್ಜೆಯ ಮಾತುಕತೆಯಲ್ಲೇ ಬರಲಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವ ನಮ್ಮ ಹಳೆಯ ಪದ್ಧತಿ ಒಳ್ಳೆಯ ನಿದ್ರೆ ಕೊಡುತ್ತದೆ. ಹಿಂದಿನ ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ರೆಯಾಗಿದ್ದರೆ ಗಡಿಯಾರದ ಅಲಾರಂ ಆರಿಸಿ ಮತ್ತೆ ಮಲಗಿ.

ಒಂಬತ್ತನೆಯ ಹೆಜ್ಜೆ: ದಾರಿ

ತುಂಗಭದ್ರೆಯ ಎಡದಂಡೆ, ಬಲದಂಡೆ ಕಾಲುವೆಗಳ ಏರಿಯ ಮಣ್ಣುದಾರಿ ಮೊಣಕಾಲಿಗೆ ಹಿತ. ಆದರೆ ನಸುಕಿನಲ್ಲಿ ಹಾವು ಅಡ್ಡ ಬರುವುದುಂಟು, ಬ್ಯಾಟರಿ ಇಲ್ಲದೆ ಹೋಗಬೇಡಿ. ಟ್ರಯಥ್ಲಾನಿನ ಈಜು ಅಭ್ಯಾಸಕ್ಕೆಂದು ಕಾಲುವೆಗೆ ಇಳಿಯಲೇಬಾರದು. ಜಾರುವ ಸಿಮೆಂಟ್ ಇಳಿಜಾರು ಮತ್ತು ಒಳಸೆಳೆತದ ಮುಂದೆ ನುರಿತ ಈಜುಗಾರರೂ ಸೋಲುತ್ತಾರೆ. ಎರೆಭೂಮಿಯ ಹೊಲದ ದಾರಿ ಒಂದು ಮಳೆಯಾದರೆ ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ, ಆ ದಿನಗಳಲ್ಲಿ ಊರೊಳಗಿನ ರಸ್ತೆಯೇ ವಾಸಿ. ಏರು ಹತ್ತುವ ಅಭ್ಯಾಸಕ್ಕೆ ಆನೆಗೊಂದಿ ಬಳಿಯ ಅಂಜನಾದ್ರಿಯ ಸುಮಾರು 575 ಮೆಟ್ಟಿಲುಗಳಿವೆ. ಶನಿವಾರ ಮತ್ತು ಹಬ್ಬದ ದಿನ ಭಕ್ತರ ದಟ್ಟಣೆ ಇರುವುದರಿಂದ ಬೇರೆ ದಿನ ಹೋಗಿ.

ಸೈಕಲ್ ಸವಾರರಿಗೆ ಇಲ್ಲಿನ ದೊಡ್ಡ ಕಾಟ ಬಳ್ಳಾರಿ ಜಾಲಿಯ ಮುಳ್ಳು. ರಸ್ತೆಯ ಅಂಚಿಗೆ ಇಳಿದರೆ ಪಂಕ್ಚರ್ ಖಂಡಿತವೆಂದೇ ತಿಳಿದು ಎರಡು ಟ್ಯೂಬ್, ಪಂಪು ಒಯ್ಯಿರಿ. ಸಂಡೂರಿನ ಗುಡ್ಡದ ದಾರಿಗಳು ಏರಿಗೆ ಚೆನ್ನ, ಲಾರಿಗಳ ಹೊತ್ತು ಬಿಟ್ಟು ಹೋಗಬೇಕಷ್ಟೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ಕಾಣುವುದೇ ಇಲ್ಲ, ಆದ್ದರಿಂದ ಬೆಳಕು ಹರಿದ ಮೇಲೆಯೇ ಹೆದ್ದಾರಿ ಹಿಡಿಯಿರಿ. ಬೀದಿನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ ನಡೆಯಿರಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ.

ಹತ್ತನೆಯ ಹೆಜ್ಜೆ: ತಪ್ಪಿದ ದಿನಗಳು, ಕಾಯಿಲೆ

ತಪ್ಪಿದ ಓಟವನ್ನು ಮರುದಿನ ಸೇರಿಸಿ ಓಡುವುದು ಗಾಯಕ್ಕೆ ನೇರ ದಾರಿ. ಒಂದು ವಾರ ಬಿಟ್ಟುಹೋದರೆ ದೇಹ ಕಳೆದುಕೊಳ್ಳುವುದು ಬಹಳ ಕಡಿಮೆ, ಪಟ್ಟಿ ಎಲ್ಲಿಗೆ ಬಂದಿದೆಯೋ ಅಲ್ಲಿಂದಲೇ ಮುಂದುವರಿಯಿರಿ. ಎರಡು ವಾರ ತಪ್ಪಿದರೆ ಮೊದಲ ವಾರ ಅರ್ಧದಷ್ಟು ಓಡಿ. ಒಂದು ತಿಂಗಳು ತಪ್ಪಿದರೆ ಗುರಿಯ ದೂರವನ್ನೇ ಇಳಿಸುವುದು ಸರಿ.

ಮೂಗು ಸೋರುವ ಸಣ್ಣ ನೆಗಡಿಯಲ್ಲಿ ಹಗುರವಾಗಿ ಓಡಬಹುದು. ಜ್ವರ, ಎದೆ ಕೆಮ್ಮು, ಮೈಕೈ ನೋವು ಇದ್ದರೆ ಓಡಬಾರದು. ಡೆಂಗಿ, ಚಿಕೂನ್‌ಗುನ್ಯಾ ಬಂದು ಹೋದವರು ವೈದ್ಯರು ಒಪ್ಪುವವರೆಗೆ ಬೂಟು ಮುಟ್ಟಬಾರದು. ಬೆಳಗಿನ ನಾಡಿಬಡಿತ ಹಲವು ದಿನ ಏರಿಯೇ ಇದ್ದರೆ, ನಿದ್ರೆ ಬರದಿದ್ದರೆ, ಮನೆಯಲ್ಲಿ ಸಣ್ಣ ಮಾತಿಗೂ ರೇಗುವಂತಾದರೆ ತರಬೇತಿ ಹೆಚ್ಚಾಗಿದೆ ಎಂದರ್ಥ, ನಾಲ್ಕು ದಿನ ಪೂರ್ತಿ ನಿಲ್ಲಿಸಿ. ಆಯಾಸ ತಿಂಗಳುಗಟ್ಟಲೆ ಬಿಡದಿದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳು, ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣಾಂಶದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಮುಟ್ಟು ನಿಂತುಹೋದರೆ ಅದನ್ನು ತರಬೇತಿಯ ಸಹಜ ಫಲವೆಂದು ತಿಳಿಯದೆ ವೈದ್ಯರನ್ನು ಕಾಣಬೇಕು, ಏಕೆಂದರೆ ಶ್ರಮಕ್ಕೆ ತಕ್ಕಷ್ಟು ಆಹಾರ ಸಾಲದಾಗುವುದು ಇದಕ್ಕೊಂದು ಮುಖ್ಯ ಕಾರಣ, ಮುಂದೆ ಮೂಳೆಗಳು ದುರ್ಬಲವಾಗುವ ಅಪಾಯವಿದೆ.

ಕೊನೆಯ ಹೆಜ್ಜೆ: ಸ್ಪರ್ಧೆಯ ಹಿಂದಿನ ಮೂರು ವಾರ, ಮುಂದಿನ ನಾಲ್ಕು ವಾರ

ಪೂರ್ಣ ಮ್ಯಾರಥಾನಿಗೆ ಮೂರು ವಾರ ಮುಂಚೆ ಕೊನೆಯ ಉದ್ದದ ಓಟ ಮುಗಿಯಬೇಕು. ಆಮೇಲೆ ವಾರದಿಂದ ವಾರಕ್ಕೆ ಹೊತ್ತನ್ನು ಇಳಿಸುತ್ತಾ ಕೊನೆಯ ವಾರ ಅರ್ಧಕ್ಕಿಂತ ಕಡಿಮೆ ಮಾಡಬೇಕು. ಹೀಗೆ ಉಳಿದ ಹೊತ್ತನ್ನು ಬೇರೆ ವ್ಯಾಯಾಮಕ್ಕೆ ಹಾಕದೆ, ಹಿಂದುಳಿದ ಮನೆಗೆಲಸಕ್ಕೂ ಮಕ್ಕಳಿಗೂ ನಿದ್ರೆಗೂ ಕೊಡಿ. ಮುಂಬೈಗೆ ರೈಲಿನ ಟಿಕೆಟ್ಟನ್ನು ಹೆಸರು ಕೊಟ್ಟ ವಾರವೇ ಮಾಡಿಸಿ, ಸಂಕ್ರಾಂತಿಯ ಹೊತ್ತಿಗೆ ಸಿಗುವುದು ಕಷ್ಟ. ಸ್ಪರ್ಧೆಯ ಮರುದಿನಕ್ಕೂ ರಜೆ ಹಾಕಿಕೊಳ್ಳಿ. ನಿಂತು ದುಡಿಯುವ ಕೆಲಸದವರಿಗೆ ಇದು ಬಹಳ ಮುಖ್ಯ.

ಸ್ಪರ್ಧೆ ಮುಗಿದ ಮೊದಲ ವಾರ ಓಟವೇ ಬೇಡ, ನಡೆದಾಡಿದರೆ ಸಾಕು. ಬೆಳಗಿನ ನೀರು, ಹಾಲು, ಮಕ್ಕಳ ಶಾಲೆಯ ಕೆಲಸವೆಲ್ಲ ಆ ವಾರ ಓಡಿದವರದ್ದೇ ಆಗಲಿ. ಎರಡನೆಯ ವಾರ ಅರ್ಧ ಗಂಟೆಯ ಓಟ ಮೂರು ದಿನ, ಮೂರನೆಯ ವಾರ ನಾಲ್ಕು ದಿನ. ನಾಲ್ಕು ವಾರ ದಾಟುವವರೆಗೆ ವೇಗದ ಅಭ್ಯಾಸ ಬೇಡ, ಮುಂದಿನ ಸ್ಪರ್ಧೆಗೆ ಹಣ ಕಟ್ಟುವುದೂ ಬೇಡ. ಆ ಹೊತ್ತಿಗೆ ಫೆಬ್ರುವರಿಯ ಮಧ್ಯ ಬಂದಿರುತ್ತದೆ, ಬಿಸಿಲು ಏರತೊಡಗಿರುತ್ತದೆ. ಓಟವನ್ನು ಮುಕ್ಕಾಲು ಗಂಟೆಗೆ ಮೀರದಂತೆ ಇಟ್ಟುಕೊಂಡು, ಹೊರಡುವ ಹೊತ್ತನ್ನು ವಾರಕ್ಕೆ ಹತ್ತು ನಿಮಿಷದಂತೆ ಐದು ಗಂಟೆಯ ಕಡೆಗೆ ಸರಿಸುತ್ತಾ ಹೋಗಿ.